ಮನೆಯ ವೈಫೈ, ಶೆಡ್ಡಿನ ವೈಫೈ

ಕೇಳುಗರಿಗೆ ನಮಸ್ಕಾರ. ನೆಟ್ ನಿಧಾನವಾದರೆ ನಾವು ಮೊದಲು ಬದಲಿಸುವುದು ಪ್ಲಾನ್ ಅಲ್ವಾ? ಎಷ್ಟೋ ಸಲ ಪ್ಲಾನ್ ಸರಿಯಾಗೇ ಇರುತ್ತದೆ. ಫೋನು ಯಾವ ಬ್ಯಾಂಡ್, ಅಂದರೆ ವೈಫೈ ಓಡುವ ಯಾವ ರೇಡಿಯೋ ತರಂಗದ ಪಟ್ಟಿ, 2.4ಓ 5 ಗಿಗಾಹರ್ಟ್ಸೋ, ಹಿಡಿದು ಕೂತಿದೆ ಅಂತ ಒಮ್ಮೆ ನೋಡಿ.

2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ, ಗೋಡೆಯನ್ನೂ ದಾಟುತ್ತದೆ. ಆದರೆ ಅಲ್ಲಿ ಜಾಗವೇ ಇಲ್ಲ. ಬ್ಯಾಂಡಿನೊಳಗಿನ ಸಣ್ಣ ದಾರಿಗಳೇ ಚಾನೆಲ್, ಅವುಗಳಲ್ಲಿ ಒಂದಕ್ಕೊಂದು ತಾಗದವು 1, 6, 11 ಅಷ್ಟೇ. ಅಪಾರ್ಟ್‌ಮೆಂಟಿನಲ್ಲಿ ಕೂತು ಫೋನಿನ ವೈಫೈ ಪಟ್ಟಿ ತೆರೆದರೆ ಮೇಲಿನ, ಕೆಳಗಿನ, ಎದುರು ಮನೆಗಳ ಹೆಸರೆಲ್ಲ ಸಾಲಾಗಿ ಬರುತ್ತವೆ, ಅವರೆಲ್ಲ ಈ ಮೂರರಲ್ಲೇ ಒತ್ತಿಕೊಂಡು ಇರಬೇಕು, ಸಾಲದ್ದಕ್ಕೆ ಬ್ಲೂಟೂತ್ ಮತ್ತು ಮೈಕ್ರೋವೇವ್ ಓವನ್ನಿನ ಗದ್ದಲವೂ ಇಲ್ಲೇ.

5 ಗಿಗಾಹರ್ಟ್ಸ್‌ನಲ್ಲಿ ಜಾಗ ಧಾರಾಳ. 2018ರಲ್ಲಿ ನಮ್ಮ ಸರ್ಕಾರ ಇದರ ಇನ್ನಷ್ಟು ಭಾಗವನ್ನು ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟುಕೊಟ್ಟಿತು. ಆದರೆ ಎರಡು ದಪ್ಪ ಗೋಡೆ ಅಡ್ಡ ಬಂದರೆ ಸೊರಗುತ್ತದೆ. ಹಾಗಾಗಿ ಟಿವಿ, ಲ್ಯಾಪ್‌ಟಾಪಿಗೆ 5 ಕೊಡಿ. ಗೇಟಿನ ಕ್ಯಾಮೆರಾ, ಸ್ಮಾರ್ಟ್ ಬಲ್ಬು 2.4ರಲ್ಲಿ ಇರಲಿ. ರೂಟರನ್ನು ಬೀರುವಿನ ಹಿಂದೆ ಮಾತ್ರ ಇಡಬೇಡಿ.

ಕಾರ್ಖಾನೆಯ ಮಾತೇ ಬೇರೆ. ಪೀಣ್ಯದಂಥ ಕಡೆ ಶೆಡ್ ಅಂದರೆ ತಗಡಿನ ಮಾಡು, ಲೇತ್, ಕಬ್ಬಿಣದ ರ‍್ಯಾಕ್. ಸಿಗ್ನಲ್ ಎಲ್ಲಕ್ಕೂ ಬಡಿದು ವಾಪಸ್ ಬರುತ್ತದೆ. ಸ್ಟೋರಿನ ಹುಡುಗ ಸ್ಕ್ಯಾನರ್ ಹಿಡಿದು ಈ ಸಾಲಿನಿಂದ ಆ ಸಾಲಿಗೆ ಹೋಗುವಾಗ ಒಂದು ಆಕ್ಸೆಸ್ ಪಾಯಿಂಟ್ (ವೈಫೈ ಸಿಗ್ನಲ್ ಕೊಡುವ ಪೆಟ್ಟಿಗೆ) ಬಿಟ್ಟು ಇನ್ನೊಂದನ್ನು ಹಿಡಿಯಬೇಕು, ಅಲ್ಲಿ ತಡವಾದರೆ ಮತ್ತೆ ಸ್ಕ್ಯಾನ್ ಮಾಡುತ್ತಾ ನಿಲ್ಲಬೇಕು. ಸ್ಪೀಡ್ ಸ್ವಲ್ಪ ಕಮ್ಮಿಯಾದರೂ ನಡೆಯುತ್ತದೆ, ಸಂಪರ್ಕ ಕಡಿಯಬಾರದು.

ಅದಕ್ಕೇ ನಾನು ಹೇಳುವುದು, ಇಲ್ಲೂ 5 ಇರಲಿ, ಆದರೆ ಒಂದೇ ದೊಡ್ಡ ಪಾಯಿಂಟಿನ ಪವರ್ ಏರಿಸುವ ಬದಲು ಕಡಿಮೆ ಪವರಿನ ಹಲವು ಪಾಯಿಂಟ್ ಹಾಕಿ. ಚಾನೆಲ್ ಅಗಲ 20 ಮೆಗಾಹರ್ಟ್ಸ್ ಸಾಕು. 80 ಇಟ್ಟರೆ ಪಕ್ಕದ ಪಾಯಿಂಟಿಗೆ ಖಾಲಿ ಚಾನೆಲ್ ಉಳಿಯುವುದು ಕಷ್ಟ. ಇನ್ನೊಂದು ವಿಷಯ, 5ರ ಕೆಲವು ಚಾನೆಲ್‌ಗಳನ್ನು ರೇಡಾರ್ ಕೂಡ ಬಳಸುತ್ತದೆ. ರೇಡಾರ್ ಕೇಳಿಸಿದರೆ ವೈಫೈ ಆ ಚಾನೆಲ್ ಬಿಟ್ಟು ಹೋಗಲೇಬೇಕು, ಅಂಥದೇ ಇನ್ನೊಂದಕ್ಕೆ ಹೋದರೆ ಕನಿಷ್ಠ 1 ನಿಮಿಷ ಸುಮ್ನೆ ಕೇಳಿಸಿಕೊಂಡು ಆಮೇಲೆ ಶುರು ಮಾಡಬೇಕು. ನಡೆಯುತ್ತಿರುವ ಉತ್ಪಾದನೆಯ ಲೈನಿಗೆ 1 ನಿಮಿಷ ಬಹಳ ಜಾಸ್ತಿ. ಮುಖ್ಯವಾದ ಯಂತ್ರಗಳನ್ನು ಈ ರೇಡಾರ್ ತೊಂದರೆ ಇಲ್ಲದ 36ರಿಂದ 48ರವರೆಗಿನ ಚಾನೆಲ್‌ಗಳಲ್ಲಿ ಇಡಿ. ಕದಲದೆ ನಿಂತಿರುವ ಯಂತ್ರಕ್ಕೆ ಕೇಬಲ್ಲೇ ಎಳೆಸಿ.

ಎಲ್ಲೆಲ್ಲಿ ಸಿಗ್ನಲ್ ಎಷ್ಟು ಸಿಗುತ್ತದೆ ಅಂತ ಸರ್ವೆ ಮಾಡಿಸುವಾಗ ಶೆಡ್ ಖಾಲಿ ಇರುವ ಭಾನುವಾರ ಬೇಡ. ಯಂತ್ರ ಓಡುತ್ತಿರುವ, ರ‍್ಯಾಕ್ ತುಂಬಿರುವ ದಿನವೇ ಮಾಡಿಸಿ. ನಮಸ್ಕಾರ.