ಹಳೇ ಚಿನ್ನದ ವಾಚನ್ನ ತಕ್ಕಡಿಗೆ ಹಾಕಬೇಡಿ

ನಮಸ್ಕಾರ. ಚಿನ್ನದ ರೇಟ್ ಏರಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತೆ. ಒಡವೆ ಮಾಡಿಸೋಕಾಗ್ತಿಲ್ಲ ಅಂತಲ್ಲ. ರೇಟ್ ಏರಿತು ಅಂದ್ರೆ ಬೆಂಗಳೂರಿನ ಅವೆನ್ಯೂ ರೋಡು, ನಗರ್ತಪೇಟೆಯ ಚಿನ್ನದಂಗಡಿಗಳ ಕಡೆ ಇನ್ನೊಂದಷ್ಟು ಹಳೇ ವಾಚುಗಳು ಕುಲುಮೆಗೆ ಹೋದವು ಅಂತ ಅರ್ಥ.

ಏನಾಗುತ್ತೆ ನೋಡಿ. ತಾತನ ಬೀರುವಿನಲ್ಲಿ ಕೀ ಕೊಡೋ ವಾಚೊಂದು ಸಿಗುತ್ತೆ, ಓಡ್ತಿರಲ್ಲ. ಅಂಗಡಿಗೆ ಒಯ್ದರೆ ಗಾಜು, ಡಯಲ್ಲು, ಮೆಷಿನ್ನು ಎಲ್ಲ ಬಿಚ್ಚಿ ಪಕ್ಕಕ್ಕಿಟ್ಟು ಬರೀ ಕೇಸನ್ನ, ಅಂದ್ರೆ ಹೊರಗಿನ ಚಿನ್ನದ ಕವಚವನ್ನ, ತೂಕಕ್ಕೆ ಹಾಕ್ತಾರೆ. ಒರೆಗಲ್ಲಿಗೆ ಉಜ್ಜಿ, "22 ಅಲ್ಲ ಸಾರ್, 14 ಬರ್ತಿದೆ" ಅಂತ ಮುಖ ಹುಳಿ ಮಾಡ್ತಾರೆ. ನಾವೂ ಪೆಚ್ಚಾಗಿ ಕೊಟ್ಟದ್ದು ತಗೊಂಡು ಬರ್ತೀವಿ. 1963ರಲ್ಲಿ ಮೊರಾರ್ಜಿ ದೇಸಾಯಿ ಒಡವೆಗೆ 14 ಕ್ಯಾರೆಟ್ ದಾಟಬಾರದು ಅಂತ ಕಟ್ಟಳೆ ತಂದಿದ್ರಲ್ಲ, ಹಳಬರಿಗೆ ಆ ಲೆಕ್ಕ ಕೇಳಿದ್ರೇ ಅಸಡ್ಡೆ. ವಾಚಿಗೆ ಮಾತ್ರ ಅದೇ ಸರಿ. 22 ಕ್ಯಾರೆಟ್ ಮೆತ್ತಗಿರುತ್ತೆ, ದಿನಾ ಕಟ್ಟಿದ್ರೆ ನಗ್ಗುತ್ತೆ. ಸ್ವಿಸ್‌ನವರು 18, 14ರಲ್ಲಿ ಮಾಡಿದ್ರು. ಇಂಗ್ಲೆಂಡಿನ ಕೇಸುಗಳಲ್ಲಿ 9 ಕ್ಯಾರೆಟ್ಟೂ ಮಾಮೂಲಿ, 375 (ಸಾವಿರ ಪಾಲಲ್ಲಿ ಚಿನ್ನ ಇಷ್ಟು) ಅಂತ ಒತ್ತಿರ್ತಾರೆ.

ಆ ಮುದ್ರೆಗಳೇ ನನಗೆ ಪ್ರಾಣ. 1995ರ ತನಕ ಸ್ವಿಸ್ 18 ಕ್ಯಾರೆಟ್ ಕೇಸಿನ ಮೇಲೆ ಹೆಲ್ವೇಷಿಯಾ ಅನ್ನೋ ಹೆಣ್ಣಿನ ತಲೆ, 14 ಕ್ಯಾರೆಟ್ಟಿಗೆ ಅಳಿಲು. ಸಾಸಿವೆ ಕಾಳಷ್ಟು ಅಳಿಲು! ಭೂತಗನ್ನಡಿ ಹಿಡಿದ್ರೆ ಬಾಲ ಕಾಣುತ್ತೆ. ಹಿಂದಿನ ಮುಚ್ಚಳದ ಒಳಗೆ ಹುಡುಕಿ, ಬೆಲ್ಟು ಸಿಕ್ಕಿಸೋ ಕೊಂಬುಗಳ ಮೇಲೂ ಹುಡುಕಿ. ಹೊರಗಿನ ಅಳಿಲು ಸವೆದುಹೋಗಿ ವಾಚ್ ಮಾತ್ರ ಫಳಫಳ ಹೊಳೀತಿದ್ರೆ ಯಾರೋ ಪಾಲಿಶ್ ಚಕ್ರಕ್ಕೆ ಕೊಟ್ಟಿದ್ದಾರೆ. ಕೊಂಬಿನ ಚೂಪು ಅಂಚು ಒಮ್ಮೆ ದುಂಡಗಾಯ್ತೋ, ವಾಚಿನ ಮೂಲ ಆಕಾರ ಮುಗೀತು. ಗೀರು ಇರಲಿ ಬಿಡಿ ಸ್ವಾಮಿ.

ಡಯಲ್ ಕಥೆ ಇನ್ನೂ ಕೇಡು. ಹೊಸದಾಗಿ ಪೇಂಟ್ ಹೊಡೆಸಿ "ಮಿಂಟ್ ಕಂಡೀಷನ್" ಅಂತಾರೆ. ಅಕ್ಷರದ ಅಂಚು ಕದಡಿದೆಯಾ, ನಿಮಿಷದ ಗೆರೆ ಗಂಟೆಯ ಕಡ್ಡಿಗೆ ನೇರ ಕೂತಿದೆಯಾ, ಆರರ ಕೆಳಗೆ ಇರಬೇಕಾದ "ಸ್ವಿಸ್" ಮಾಯವಾಗಿದೆಯಾ ನೋಡಿ. ಹಾಗೆ ಬಣ್ಣ ಬಳಿದ 18 ಕ್ಯಾರೆಟ್ಟಿಗಿಂತ, 1961ರಲ್ಲಿ ಸಿಟಿಜನ್ ಜತೆ ಸೇರಿ ನಮ್ಮ ಜಾಲಹಳ್ಳಿಯಲ್ಲಿ ವಾಚ್ ಶುರು ಮಾಡಿದ ಎಚ್ಎಂಟಿಯ ಚಿನ್ನದ ನೀರು ಹಾಕಿದ ವಾಚು, ಮೂಲ ಡಯಲ್ ಇದ್ರೆ, ನನಗೆ ವಾಸಿ. ಬೈಕೊಳ್ಳಿ ಬೇಕಾದ್ರೆ.

ಚಿನ್ನ ಇದ್ದ ಮಾತ್ರಕ್ಕೆ ಅಪರೂಪ ಅಂತಾನೂ ಅಲ್ಲ. ಸ್ವಿಸ್ ವಾಚ್ ಕಂಪನಿ ಪಾಟೆಕ್ ಫಿಲಿಪ್‌ನ 1518 ಮಾಡೆಲ್ 1941ರಲ್ಲಿ ಬಂತು. ಮಾಡಿದ್ದು ಮುನ್ನೂರಕ್ಕೂ ಕಡಿಮೆ, ಬಹುತೇಕ ಚಿನ್ನದವೇ. ಸ್ಟೀಲಿನವು ಗೊತ್ತಿರೋದು ನಾಲ್ಕೇ ನಾಲ್ಕು. 2016ರಲ್ಲಿ ಜಿನೀವಾ ಹರಾಜಿನಲ್ಲಿ ಅದರಲ್ಲೊಂದಕ್ಕೆ ಬಂದದ್ದು 1 ಕೋಟಿ 10 ಲಕ್ಷ ಸ್ವಿಸ್ ಫ್ರಾಂಕ್. ಸ್ಟೀಲಿಗೆ!

ತಾತನ ವಾಚು ಪಾಟೆಕ್ ಆಗಿರಲ್ಲ, ಗೊತ್ತು. ಆದ್ರೂ ಮಾರಲೇಬೇಕು ಅನ್ನಿಸಿದ್ರೆ ಮೊದಲು ವಾಚ್ ರಿಪೇರಿಯವರ ಹತ್ರ ಹೋಗಿ, ಮುಚ್ಚಳ ತೆಗೆಸಿ, ಒಳಗಿನ ಮುದ್ರೆ, ನಂಬರು, ಮೆಷಿನ್ನು ಮೂರರ ಫೋಟೋ ತಗೊಳ್ಳಿ. ವಾಚ್ ಗೊತ್ತಿರೋರು ಇಬ್ಬರಿಗಾದ್ರೂ ತೋರಿಸಿ ರೇಟ್ ಕೇಳಿ. ಒರೆಗಲ್ಲು ತೆಗೆಯೋ ಅಂಗಡಿಗೆ ಕೊನೆಗೆ ಹೋದ್ರಾಯ್ತು, ಚಿನ್ನದ ರೇಟಂತೂ ಎಲ್ಲೂ ಓಡಿಹೋಗಲ್ಲ.