ಮೊದಲು ಶ್ರುತಿ, ಆಮೇಲೆ ಕಿಡಿ

ಕಲಬುರಗಿ ಆಕಾಶವಾಣಿಯ ಕೇಳುಗರಿಗೆಲ್ಲ ಶರಣು.

ಇವತ್ತು ಟೆಸ್ಲಾ ಕಾಯಿಲ್ ಬಗ್ಗೆ, ಅಂದರೆ ಗಾಳಿಯಲ್ಲಿ ಉದ್ದುದ್ದ ಕಿಡಿ ಹಾರಿಸುವ ತಂತಿ ಸುರುಳಿಯ ಯಂತ್ರದ ಬಗ್ಗೆ ಮಾತಾಡುತ್ತೇನೆ. ಆಳಂದ, ಸೇಡಂ, ಜೇವರ್ಗಿ ಕಡೆಯ ಡಿಪ್ಲೊಮಾ ಹುಡುಗ ಹುಡುಗಿಯರು ಕಾಲೇಜಿನ ಪ್ರದರ್ಶನಕ್ಕೆ ಇದನ್ನು ಕಟ್ಟಲು ಹೊರಡುತ್ತೀರಿ. ಈ ಮಾತು ನಿಮಗಾಗಿ. ಪಕ್ಕದಲ್ಲಿ ಕೂತಿರುವ ತಂದೆ ತಾಯಿಯರೂ ಕೇಳಿರಿ, ಕಷ್ಟದ ವಿಷಯ ಏನೂ ಅಲ್ಲ.

ಮೊದಲೇ ಹೇಳಿಬಿಡುತ್ತೇನೆ. ಟೆಸ್ಲಾ ಕಾಯಿಲ್‌ಗೆ ಬೇಕಾದದ್ದು ಜಾಸ್ತಿ ಕರೆಂಟ್ ಅಲ್ಲ. ಬೇಕಾದದ್ದು ಸರಿಯಾದ ಶ್ರುತಿ.

ನಿಕೋಲಾ ಟೆಸ್ಲಾ ಇದನ್ನು 1891ರಲ್ಲಿ ಮಾಡಿ ತೋರಿಸಿದರು. ಇದರ ಒಳಗೆ ನಡೆಯುವುದು ಇಷ್ಟೇ. ಮನೆಯ 230 ವೋಲ್ಟನ್ನು ಒಂದು ಟ್ರಾನ್ಸ್‌ಫಾರ್ಮರ್ ಸಾವಿರಾರು ವೋಲ್ಟಿಗೆ ಏರಿಸುತ್ತದೆ. ಅದು ವಿದ್ಯುತ್ ಕೂಡಿಟ್ಟುಕೊಳ್ಳುವ ಒಂದು ಕಂಡೆನ್ಸರನ್ನು ತುಂಬುತ್ತದೆ. ತುಂಬಿದ ಕೂಡಲೇ ಸ್ಪಾರ್ಕ್ ಗ್ಯಾಪ್ ಎನ್ನುವ ಸಣ್ಣ ಸಂದಿನಲ್ಲಿ ಕಿಡಿ ಹಾರಿ ದಾರಿ ತೆರೆಯುತ್ತದೆ. ಆಗ ಕಂಡೆನ್ಸರ್ ಮತ್ತು ಪ್ರೈಮರಿ ಎನ್ನುವ ಹೊರಗಿನ ಸುರುಳಿಯ ನಡುವೆ ಕರೆಂಟ್ ಅತ್ತಿಂದಿತ್ತ ಓಡಾಡುತ್ತದೆ. ಎಷ್ಟು ಬೇಗ ಅಂದರೆ ಸೆಕೆಂಡಿಗೆ ಲಕ್ಷಗಟ್ಟಲೆ ಸಲ. ಸೆಕೆಂಡಿಗೆ ಎಷ್ಟು ಸಲ ಅನ್ನುವುದನ್ನೇ ನಾನು ವೇಗ ಅನ್ನುತ್ತೇನೆ, ಶ್ರುತಿ ಅಂದರೂ ಅದೇ. ಒಳಗೆ ನಿಂತಿರುವ ಉದ್ದನೆಯ ಸೆಕೆಂಡರಿ ಸುರುಳಿಗೂ ತನ್ನದೇ ಒಂದು ವೇಗ ಇರುತ್ತದೆ. ಎರಡರ ವೇಗ ಒಂದೇ ಆದರೆ ಮಾತ್ರ ತುದಿಯಲ್ಲಿ ಲಕ್ಷಾಂತರ ವೋಲ್ಟ್ ಕೂಡುತ್ತದೆ. ಬೇರೆ ಬೇರೆಯಾದರೆ ಏನೂ ಕೂಡುವುದಿಲ್ಲ.

ನಿಮ್ಮ ಮನೆಯ ಹಳೆಯ ರೇಡಿಯೊದಲ್ಲೂ ಇರುವುದು ಇದೇ, ಒಂದು ಕಾಯಿಲ್, ಒಂದು ಗ್ಯಾಂಗ್ ಕಂಡೆನ್ಸರ್. ಗುಂಡಿ ತಿರುಗಿಸಿದಾಗ ಸೆಟ್ಟಿನ ವೇಗ ಸ್ಟೇಷನ್ನಿನ ವೇಗಕ್ಕೆ ಕೂಡಿದರೆ ದನಿ ಕೇಳುತ್ತದೆ. ಮುಳ್ಳು ಸ್ವಲ್ಪ ಸರಿದರೆ ಬರೀ ಕರಕರ. ಸ್ಟೇಷನ್ ಸಿಗದಿದ್ದರೆ ಯಾರಾದರೂ ಇನ್ನೆರಡು ಸೆಲ್ ಹಾಕುತ್ತಾರಾ? ಇಲ್ಲ, ಗುಂಡಿ ತಿರುಗಿಸುತ್ತಾರೆ. ಕಾಯಿಲ್ ಕಟ್ಟುವವರು ಮಾತ್ರ ಇದನ್ನು ಮರೆತು ದೊಡ್ಡ ಟ್ರಾನ್ಸ್‌ಫಾರ್ಮರ್ ಹುಡುಕುತ್ತಾರೆ.

ಕಳೆದ ವರ್ಷ ಜೇವರ್ಗಿ ಕಡೆಯ ಹುಡುಗರು ನನ್ನ ಹತ್ತಿರ ಬಂದರು. ಪ್ರದರ್ಶನಕ್ಕೆ ವಾರವಷ್ಟೇ ಉಳಿದಿತ್ತು. "ಸರ್, ಕಿಡಿ ಬೆರಳಷ್ಟೂ ಬರವಲ್ದು. ಇನ್ನೊಂದು ಟ್ರಾನ್ಸ್‌ಫಾರ್ಮರ್ ಕೂಡಿಸಲೇನ್ರೀ?" ಅಂದರು. ನಾನು, "ಮೊದಲು ಕಟ್ಟಿದ್ದನ್ನು ತೋರಿಸು ತಮ್ಮಾ" ಅಂದೆ.

ನೋಡಿದೆ. ಎಷ್ಟು ಚಂದ ಕಟ್ಟಿದ್ದರು! ಗುಜರಿ ಅಂಗಡಿಯಿಂದ ತಂದ ಹಳೆಯ ನಿಯಾನ್ ಬೋರ್ಡಿನ ಟ್ರಾನ್ಸ್‌ಫಾರ್ಮರ್, 15,000 ವೋಲ್ಟಿನದು. ಸಣ್ಣ ಸಣ್ಣ ಕಂಡೆನ್ಸರ್ ಜೋಡಿಸಿ 10 ನ್ಯಾನೊಫ್ಯಾರಡ್ ಮಾಡಿದ್ದರು. ಫ್ರಿಜ್ಜಿನ ತಾಮ್ರದ ಪೈಪನ್ನು ಚಪ್ಪಟೆ ಸುರುಳಿಯಾಗಿ ಬಗ್ಗಿಸಿ ಪ್ರೈಮರಿ. ಸೆಕೆಂಡರಿಗೆ 110 ಮಿಲಿಮೀಟರಿನ ಪಿವಿಸಿ ಪೈಪು, ಅದರ ಮೇಲೆ 45 ಸೆಂಟಿಮೀಟರ್ ಎತ್ತರಕ್ಕೆ ಸುಮಾರು 1000 ಸುತ್ತು. ಅಷ್ಟಕ್ಕೆ ಹತ್ತಿರ ಹತ್ತಿರ 350 ಮೀಟರ್ ವೈಂಡಿಂಗ್ ವೈರ್ ಬೇಕು. ಬೋರ್‌ವೆಲ್ ಮೋಟರ್ ಕಟ್ಟುವ ಮೇಸ್ತ್ರಿಯನ್ನು ಕಾಡಿ ಬೇಡಿ ಅವರ ಅಂಗಡಿಯಲ್ಲೇ ಸುತ್ತಿದ್ದರಂತೆ. ಒಂದು ಸುತ್ತೂ ಇನ್ನೊಂದರ ಮೇಲೆ ಹತ್ತಿರಲಿಲ್ಲ. ಆ ಮೇಸ್ತ್ರಿಯ ಕೈಗೆ ನಾನು ಇಲ್ಲಿಂದಲೇ ಶರಣು ಹೇಳುತ್ತೇನೆ. ಹೀಗೆ ಸುತ್ತುವುದು ಪುಸ್ತಕ ಓದಿ ಬರುವುದಿಲ್ಲ.

ಮತ್ತೆ ಕಿಡಿ ಯಾಕೆ ಬರಲಿಲ್ಲ? ಹುಡುಗರು ಬರೀ ಸೆಕೆಂಡರಿ ಸುರುಳಿಯ ಲೆಕ್ಕ ಮಾಡಿದ್ದರು. ಸುಮಾರು 375 ಕಿಲೋಹರ್ಟ್ಜ್, ಅಂದರೆ ಸೆಕೆಂಡಿಗೆ 3,75,000 ಸಲ ಬಂದಿತ್ತು. ಅದಕ್ಕೆ ತಕ್ಕಂತೆ ಪ್ರೈಮರಿಯ 7ನೇ ಸುತ್ತಿಗೆ ಕ್ಲಿಪ್ ಹಾಕಿದ್ದರು, ಅಂದರೆ ಕರೆಂಟ್ ಅಷ್ಟೇ ಸುತ್ತಿನಲ್ಲಿ ಓಡುತ್ತದೆ. ಅಲ್ಲಿಯವರೆಗೆ ಸರಿ. ಆಮೇಲೆ ಚಂದ ಕಾಣಲಿ ಅಂತ ಅಡಿಗೆಮನೆ ಚಿಮಣಿಯ ಅಲ್ಯುಮಿನಿಯಂ ಪೈಪನ್ನು ಬಳೆಯ ಆಕಾರಕ್ಕೆ ಬಗ್ಗಿಸಿ ತುದಿಗೆ ಕೂರಿಸಿದ್ದರು. ಆ ಬಳೆ ಬೇಕೇ ಬೇಕು. ಆದರೆ ಅದೂ ಕಂಡೆನ್ಸರೇ. ಅದು ಕೂತ ಕೂಡಲೇ ಸೆಕೆಂಡರಿಯ ವೇಗ 230 ಕಿಲೋಹರ್ಟ್ಜ್ ಹತ್ತಿರ ಇಳಿದಿತ್ತು. ಕೆಳಗೆ ಪ್ರೈಮರಿ ಇನ್ನೂ 375ರಲ್ಲೇ ಓಡುತ್ತಿತ್ತು. ಇಬ್ಬರು ಹಾಡುವವರು ಎರಡು ಶ್ರುತಿಯಲ್ಲಿ ಹಿಡಿದರೆ ಹಾಡು ಕೂಡುತ್ತದಾ?

ಅವರ ಕೈಯಲ್ಲೇ ಅಳೆಸಿದೆ. ಬೇಕಾದ ವೇಗದ ಸಣ್ಣ ಸಿಗ್ನಲ್ ಕೊಡುವ ಪೆಟ್ಟಿಗೆ, ಅಂದರೆ ಕಾಲೇಜಿನ ಸಿಗ್ನಲ್ ಜನರೇಟರ್ ತಂದು, ಎರಡು ಎಲ್‌ಇಡಿಗಳನ್ನು ಒಂದಕ್ಕೊಂದು ತಿರುವಿ ಜೋಡಿಸಿ, ಅವುಗಳ ಮೂಲಕ ಸೆಕೆಂಡರಿಯ ಬುಡಕ್ಕೆ ಸಿಗ್ನಲ್ ಕೊಟ್ಟೆವು. ಗುಂಡಿ ತಿರುಗಿಸುತ್ತ ಹೋದರೆ ಒಂದು ಕಡೆ ಎಲ್‌ಇಡಿ ಝಗ್ ಅಂತ ಬೆಳಗುತ್ತದೆ. ಸೆಕೆಂಡರಿಯ ವೇಗ ಅದೇ. ಸಾವಿರಾರು ವೋಲ್ಟ್ ಬೇಡ, ಭಯ ಬೇಡ, ಮೇಜಿನ ಮೇಲೆಯೇ ಗೊತ್ತಾಗುತ್ತದೆ. ದಯವಿಟ್ಟು ಇದನ್ನು ಮಾಡದೆ ಯಾರೂ ಸ್ವಿಚ್ ಹಾಕಬೇಡಿ.

ಪ್ರೈಮರಿಯಲ್ಲಿ ಸುತ್ತು ಹೆಚ್ಚಾದಷ್ಟೂ ಅದರ ವೇಗ ಇಳಿಯುತ್ತದೆ. ಅದಕ್ಕೇ ಆಮೇಲೆ ಕ್ಲಿಪ್ ಸರಿಸಿದೆವು, ಒಂದೊಂದೇ ಸುತ್ತು ಹೊರಗೆ. 8, 9, ಏನೂ ಇಲ್ಲ. 10ಕ್ಕೆ ಚಿಟಿಚಿಟಿ ಸದ್ದು. 11ಕ್ಕೆ ಗೇಣುದ್ದ ಕಿಡಿ. ಅಲ್ಲಿಂದ ಕಾಲು ಕಾಲು ಸುತ್ತು. 12ಕ್ಕೆ ಬಂದಾಗ ಒಂದು ಮೊಳಕ್ಕೂ ಜಾಸ್ತಿ ಉದ್ದದ ಕಿಡಿ ಕೊಂಬೆ ಕೊಂಬೆಯಾಗಿ ಹಾರಿತು! ಅದೇ ಟ್ರಾನ್ಸ್‌ಫಾರ್ಮರ್, ಅದೇ ತಂತಿ, ಒಂದು ರೂಪಾಯಿ ಖರ್ಚಿಲ್ಲ. ಇನ್ನರ್ಧ ಸುತ್ತು ಹೊರಗೆ ಹೋದರೆ ಮತ್ತೆ ಕುಗ್ಗಿತು. ಲೆಕ್ಕದಲ್ಲಿ 12ಕ್ಕಿಂತ ಸ್ವಲ್ಪ ಒಳಗೆ ಬಂದಿತ್ತು. ಆದರೆ ಕಿಡಿ ಗಾಳಿಯಲ್ಲಿ ಚಾಚಿಕೊಂಡಾಗ ಅದೂ ಬಳೆಯ ಜೊತೆ ಸೇರಿ ಸೆಕೆಂಡರಿಯ ವೇಗವನ್ನು ಇನ್ನಷ್ಟು ಇಳಿಸುತ್ತದೆ. ಅದಕ್ಕೇ ಲೆಕ್ಕಕ್ಕಿಂತ ಸ್ವಲ್ಪ ಹೊರಗೆ ಕ್ಲಿಪ್ ಹಾಕಬೇಕು. ಬರೆದುಕೊಳ್ಳಿ, ಸ್ವಲ್ಪ ಹೊರಗೆ.

ಸಮಯ ಮುಗಿಯುತ್ತ ಬಂತು ಅಂತ ಸನ್ನೆ ಮಾಡುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳುತ್ತೇನೆ. ಸೆಕೆಂಡರಿಯ ಮೈಮೇಲೆಯೇ ಕಿಡಿ ಓಡಿದರೆ ಅದು ಪ್ರೈಮರಿಗೆ ತೀರಾ ಹತ್ತಿರ ಇದೆ ಅಂತ ತಿಳಿಯಿರಿ. ಎರಡು ಮೂರು ಸೆಂಟಿಮೀಟರ್ ಮೇಲೆತ್ತಿ. ಸೆಕೆಂಡರಿಯ ಬುಡವನ್ನು ಮನೆಯ ಅರ್ಥಿಂಗಿಗೆ ಕೊಡಬೇಡಿ, ಮನೆಯ ಟಿವಿ, ಚಾರ್ಜರ್ ಎಲ್ಲ ಸುಟ್ಟುಹೋಗಬಹುದು. ಅದಕ್ಕೆ ಬೇರೆ ರಾಡ್ ಹುಗಿಯಿರಿ. ನಮ್ಮ ಎರಿ ಮಣ್ಣು ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ರಾಡಿಗೂ ಮಣ್ಣಿಗೂ ಸಂಬಂಧವೇ ಉಳಿಯುವುದಿಲ್ಲ. ರಾಡ್ ಹುಗಿದ ಗುಂಡಿಗೆ ಇದ್ದಿಲು, ಉಪ್ಪು ಹಾಕಿ ನೀರು ಹೊಯ್ಯಿರಿ.

ಇನ್ನು ಜೀವದ ಮಾತು. ಮೈಕ್ರೋವೇವ್ ಒಲೆಯ ಟ್ರಾನ್ಸ್‌ಫಾರ್ಮರ್ ಬೇಡವೇ ಬೇಡ. ಅದು ಮುಟ್ಟಿದವರನ್ನು ಕೊಲ್ಲುತ್ತದೆ. ನಿಯಾನಿನದೂ ಆಟದ ಸಾಮಾನಲ್ಲ. ಕ್ಲಿಪ್ ಸರಿಸುವ ಮುಂಚೆ ಪ್ರತಿ ಸಲ ಪ್ಲಗ್ ಕಿತ್ತು ಕೈಯಲ್ಲಿ ಹಿಡಿಯಿರಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಆಮೇಲೆ ಉದ್ದನೆಯ ಒಣ ಪ್ಲಾಸ್ಟಿಕ್ ಕೋಲಿಗೆ ಕಟ್ಟಿದ ತಂತಿಯಿಂದ ಕಂಡೆನ್ಸರಿನ ಎರಡೂ ತುದಿ ಕೂಡಿಸಿ ಖಾಲಿ ಮಾಡಿ. ಒಬ್ಬರೇ ಇದ್ದಾಗ ಕಾಯಿಲ್ ಓಡಿಸಬೇಡಿ. ಎದೆಗೆ ಪೇಸ್‌ಮೇಕರ್ ಹಾಕಿಸಿಕೊಂಡ ಹಿರಿಯರು ಮನೆಯಲ್ಲಿದ್ದರೆ ಅಲ್ಲಿ ಈ ಕೆಲಸವೇ ಬೇಡ.

ಟ್ರಾನ್ಸ್‌ಫಾರ್ಮರ್ ಹುಡುಕಿಕೊಂಡು ಗುಜರಿ ಅಂಗಡಿಗೆ ಹೊರಟಿದ್ದವರು ಇವತ್ತು ನಿಲ್ಲಿ. ಮೊದಲು ಕಾಲೇಜಿನ ಲ್ಯಾಬಿಗೆ ಹೋಗಿ ಸಿಗ್ನಲ್ ಜನರೇಟರ್ ಕೇಳಿ, ನಿಮ್ಮ ಸೆಕೆಂಡರಿಯನ್ನು ಬಳೆ ಸಮೇತ ಅಳೆಯಿರಿ. ನಮಸ್ಕಾರ.