ಕಾಂಕ್ರೀಟು ಬೀಳುವ ಮುಂಚಿನ ಒಂದು ಗಂಟೆ

ಕೇಳುಗರಿಗೆಲ್ಲ ನಮಸ್ಕಾರ.

ಮನೆ ಕಟ್ಟಿಸುವವರಿಗೆ ಮೋಲ್ಡ್ ಹಾಕುವ ದಿನ, ಅಂದರೆ ತಾರಸಿಗೆ ಕಾಂಕ್ರೀಟು ಸುರಿಯುವ ದಿನ, ಒಂದು ಹಬ್ಬ. ಬೆಳಿಗ್ಗೆ ಆರಕ್ಕೇ ಮಿಕ್ಸರ್ ಬಂದು ನಿಂತಿರುತ್ತದೆ. ಜಲ್ಲಿ, ಕಲ್ಲು ಪುಡಿ ಮಾಡಿದ ಎಂ ಸ್ಯಾಂಡು, ಸಿಮೆಂಟು ಮೂಟೆ, ಒಂದು ಮೂಲೆಯಲ್ಲಿ ತೆಂಗಿನಕಾಯಿ, ಊದುಬತ್ತಿ. ಇಪ್ಪತ್ತು ಜನ ಕೆಲಸದವರಿಗೆ ತಿಂಡಿ ಆಗಬೇಕು, ಊಟ ಆಗಬೇಕು, ಸಂಜೆಗೆ ಸ್ವೀಟು ತರಿಸಬೇಕು. ಯಜಮಾನರು ಈ ಓಡಾಟದಲ್ಲೇ ಇರುತ್ತಾರೆ. ಮೇಲೆ, ಕಾಂಕ್ರೀಟು ಗಟ್ಟಿಯಾಗುವವರೆಗೆ ಅದನ್ನು ಹೊರುವ ಸೆಂಟ್ರಿಂಗ್ ಹಲಗೆಯ ಮೇಲೆ, ಕಟ್ಟಿಟ್ಟ ಕಂಬಿ ಹೇಗಿದೆ ಅಂತ ನೋಡುವವರು ಮಾತ್ರ ಯಾರೂ ಇರುವುದಿಲ್ಲ.

ಇದನ್ನು ಹೇಳಲು ನನಗೆ ಸ್ವಲ್ಪ ನಾಚಿಕೆಯೇ. ಮೂವತ್ತು ವರ್ಷ ಸರ್ಕಾರಿ ಕಟ್ಟಡಗಳ ಕೆಲಸ ನೋಡಿದ ಎಂಜಿನಿಯರ್ ನಾನು. ಊರವರ ಕಟ್ಟಡದಲ್ಲಿ ಟೇಪು ಹಿಡಿದು ಮೇಸ್ತ್ರಿಗಳ ಜೀವ ತಿಂದವನು. ನನ್ನ ಸ್ವಂತ ಮನೆಯ ಮೋಲ್ಡಿನ ದಿನ ಮಾತ್ರ ಕೆಳಗೆ ನಿಂತು ಉಪ್ಪಿಟ್ಟು ಬಡಿಸುತ್ತಿದ್ದೆ. ಆರು ವರ್ಷ ಕಳೆದ ಮೇಲೆ, ಒಂದು ಮಳೆಗಾಲದಲ್ಲಿ, ಬಾಲ್ಕನಿಯ ಅಡಿಯಲ್ಲಿ ಒದ್ದೆ ಕಲೆ ಕಾಣಿಸಿತು. ಮೇಲೆ ಹೋಗಿ ನೋಡಿದರೆ, ಬಾಲ್ಕನಿ ಗೋಡೆಗೆ ಸೇರುವಲ್ಲಿ ಈ ತುದಿಯಿಂದ ಆ ತುದಿಗೆ ಗೆರೆ ಎಳೆದ ಹಾಗೆ ಬಿರುಕು. ಒಡೆಸಿ ನೋಡಿದೆ. ಐದು ಇಂಚಿನ ಕಾಂಕ್ರೀಟಿನಲ್ಲಿ ಮೇಲಿನಿಂದ ಒಂದಿಂಚಿನೊಳಗೆ ಇರಬೇಕಾಗಿದ್ದ ಕಂಬಿ ಮೇಲಿನಿಂದ ಮೂರು ಇಂಚು ಕೆಳಗೆ ಕೂತಿತ್ತು. ಬಾಂಡ್ಲಿ ಹೊತ್ತವರು ಅದರ ಮೇಲೇ ಓಡಾಡಿದ್ದಾರೆ, ಅದು ಕುಸಿದಿದೆ. ಅವರದೇನು ತಪ್ಪು? ಓಡಾಡಲು ಹಲಗೆ ಹಾಕಿಸಬೇಕಾಗಿದ್ದವನು ನಾನು.

ಕಂಬಿ ಎರಡು ಇಂಚು ಕೆಳಗಾದರೆ ಏನಂತೆ, ಒಳಗೆ ಇದೆಯಲ್ಲ ಅಂತ ಕೇಳುವವರಿದ್ದಾರೆ. ತುಂಬಿದ ಕೊಡವನ್ನು ಕೈ ಚಾಚಿ ಹಿಡಿದು ನೋಡಿ, ಸೆಳೆತ ಎಲ್ಲಿ ಬರುತ್ತದೆ? ಭುಜದ ಮೇಲ್ಭಾಗದಲ್ಲಿ. ಬಾಲ್ಕನಿ, ಸಜ್ಜ ಎರಡೂ ಹಾಗೆ ಚಾಚಿದ ಕೈಗಳೇ. ಕಾಂಕ್ರೀಟು ಒತ್ತಿದರೆ ಚೆನ್ನಾಗಿ ತಡೆಯುತ್ತದೆ, ಎಳೆದರೆ ಬಿರಿಯುತ್ತದೆ. ಎಳೆತ ತಡೆಯುವುದು ಕಂಬಿ. ಹಾಗಾಗಿ ಚಾಚಿದ ಕಡೆ ಕಂಬಿ ಮೇಲಿರಬೇಕು. ಎರಡು ಗೋಡೆಗಳ ನಡುವಿನ ತಾರಸಿ ಮಧ್ಯದಲ್ಲಿ ಕೆಳಕ್ಕೆ ಬಾಗುತ್ತದೆ, ಅಲ್ಲಿ ಕಂಬಿ ಅಡಿಯಲ್ಲಿರಬೇಕು. ಐದು ಇಂಚಿನಲ್ಲಿ ಎರಡು ಇಂಚು ಜಾರಿದರೆ ಬಲ ಹೆಚ್ಚು ಕಡಿಮೆ ಅರ್ಧವಾಯಿತು ಅಂತಲೇ ಲೆಕ್ಕ. ಕಂಬಿಗೆ ಕೊಟ್ಟ ದುಡ್ಡು ಮಾತ್ರ ಪೂರ್ತಿ.

ನನ್ನ ತಂಗಿಯ ಮಗ ಅಮೆರಿಕದ ಡಲ್ಲಾಸಿನಲ್ಲಿ ಮನೆ ಕಟ್ಟಿಸಿದ. ಅಲ್ಲಿ ಹೆಚ್ಚಿನವು ಮರದ ಚೌಕಟ್ಟಿನ ಮನೆಗಳು. ಚೌಕಟ್ಟು ನಿಲ್ಲಿಸಿ, ಮಾಡು ಕೂರಿಸಿ, ನೀರಿನ ಪೈಪು, ವೈರು ಎಲ್ಲ ಎಳೆದ ಮೇಲೆ ಒಬ್ಬ ಇನ್ಸ್‌ಪೆಕ್ಟರ್ ಬಂದು ನೋಡಬೇಕು. ಅವನು ಒಪ್ಪುವವರೆಗೆ ಗೋಡೆಗೆ ಹಾಳೆ ಹೊಡೆದು ಮುಚ್ಚುವ ಹಾಗಿಲ್ಲ. ಅವನು ಹಿಡಿದ ತಪ್ಪು ಯಾವುದು ಗೊತ್ತೇ? ಪ್ಲಂಬರ್ ತನ್ನ ಪೈಪು ಹೋಗಲಿ ಅಂತ ನೆಲ ಹೊರುವ ತೊಲೆಯನ್ನು ನಟ್ಟನಡುವೆ ಕಚ್ಚು ಹಾಕಿ ಕೊರೆದಿದ್ದ. ಫೋನಿನಲ್ಲಿ ಅದನ್ನು ಕೇಳಿ ನನಗೆ ನಗು ಬಂತು. ಪ್ಲಂಬರುಗಳ ಜಾತಿ ಎಲ್ಲ ದೇಶದಲ್ಲೂ ಒಂದೇ! ಇಲ್ಲಿ ಬಚ್ಚಲಿನ ನಾಲ್ಕು ಇಂಚಿನ ಪೈಪು ತೂರಿಸಲು ಬೀಮಿನ ಕಂಬಿಗಳನ್ನು ಸುತ್ತಿ ಹಿಡಿಯುವ ರಿಂಗನ್ನೇ ಕತ್ತರಿಸಿದ್ದನ್ನು ಕಂಡಿದ್ದೇನೆ. ಫ್ಯಾನ್ ಬಾಕ್ಸ್ ಕೂರಿಸಲು ಎಲೆಕ್ಟ್ರಿಷಿಯನ್ ಕಂಬಿಯನ್ನು ಆಚೀಚೆ ತಳ್ಳಿ ಹಾಗೇ ಬಿಟ್ಟು ಹೋಗಿರುತ್ತಾನೆ. ಕಂಬಿ ಕೆಲಸದ ಬಾರ್ ಬೆಂಡರ್ ಕಟ್ಟಿ ಮುಗಿಸಿದ ಸಂಜೆ ಎಲ್ಲ ಸರಿಯೇ ಇರುತ್ತದೆ. ಕೆಡುವುದು ಆಮೇಲೆ. ಅದಕ್ಕೇ ನೋಡಬೇಕಾದ್ದು ಕಾಂಕ್ರೀಟು ಬೀಳುವ ಮುಂಚಿನ ಕೊನೆಯ ಗಂಟೆಯಲ್ಲಿ.

ನಮ್ಮಲ್ಲಿ ನಕ್ಷೆಗೆ ಮಂಜೂರಾತಿ ಬೇಕು, ಅದು ಸರಿ. ಆದರೆ ಮೂವತ್ತು ನಲವತ್ತರ ಸೈಟಿನ ಮನೆಗೆ ಮೋಲ್ಡಿನ ದಿನ ಕಂಬಿ ನೋಡಲು ಕಚೇರಿಯವರೊಬ್ಬರು ಏಣಿ ಹತ್ತಿದ್ದನ್ನು ನಾನಂತೂ ಕಂಡಿಲ್ಲ. ನಿಮ್ಮ ಎಂಜಿನಿಯರನ್ನು ಕರೆಸಿ. ಫೀಜು ಕೊಟ್ಟಿರುತ್ತೀರಿ, ದಾಕ್ಷಿಣ್ಯ ಬೇಡ. ಜೊತೆಗೆ ನೀವೂ ಹತ್ತಿ.

ಹತ್ತಿದ ಮೇಲೆ ಮೊದಲು ಬಗ್ಗಿ ನೋಡಿ. ಕಂಬಿ ಹಲಗೆಗೆ ತಾಗಿದೆಯೇ? ತಾಗಿರಬಾರದು. ಅಡಿಗೆ ಕವರ್ ಬ್ಲಾಕ್, ಅಂದರೆ ಕಂಬಿಯನ್ನು ಹಲಗೆಯಿಂದ ಎತ್ತಿ ಹಿಡಿಯುವ ಪುಟ್ಟ ಬಿಲ್ಲೆ, ಇರಬೇಕು. ಐ.ಎಸ್. 456 ಅನ್ನುವ ನಮ್ಮ ದೇಶದ ಕಾಂಕ್ರೀಟು ಕೆಲಸದ ಸಂಹಿತೆ ಮಾಮೂಲು ತಾರಸಿಗೆ 20 ಮಿಲಿಮೀಟರ್, ಪಿಲ್ಲರಿಗೆ 40, ಪಾಯದ ಫುಟಿಂಗಿಗೆ 50 ಮಿಲಿಮೀಟರ್ ಹೊದಿಕೆ, ಅಂದರೆ ಕಂಬಿಯ ಹೊರಗೆ ಅಷ್ಟು ದಪ್ಪ ಕಾಂಕ್ರೀಟು, ಕೇಳುತ್ತದೆ. ಜಲ್ಲಿ ಚೂರು ಇಟ್ಟು "ಸಾಕು ಬಿಡಿ ಸಾರ್" ಅನ್ನುತ್ತಾರೆ, ಕಂಬಿ ಅಲುಗಿದರೆ ಅದು ಜಾರಿತು. ಹೊದಿಕೆ ಇಲ್ಲದ ಕಂಬಿಗೆ ತೇವ ತಗುಲಿ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಕಂಬಿ ಉಬ್ಬುತ್ತದೆ, ಉಬ್ಬಿ ಗಿಲಾವಿನ ಸಮೇತ ಕಾಂಕ್ರೀಟನ್ನು ಉದುರಿಸುತ್ತದೆ. ಹಳೆಯ ಮನೆಗಳ ಸಜ್ಜದ ಅಡಿಯಲ್ಲಿ ಕಂಬಿ ಪಕ್ಕೆಲುಬಿನ ಹಾಗೆ ಹೊರಗೆ ಕಾಣುವುದು ಹೀಗೆ.

ಪಿಲ್ಲರಿಗೆ ಕಾಂಕ್ರೀಟು ಹಾಕುವ ಮುಂಚೆ ಅದರ ರಿಂಗುಗಳ ಕೊಕ್ಕೆಯನ್ನೂ ನೋಡಿ. ತುದಿ 135 ಡಿಗ್ರಿಗೆ ಬಾಗಿ ಒಳಮುಖವಾಗಿ ಇಳಿದಿರಬೇಕು. ಬೇಗ ಆಗಲಿ ಅಂತ 90ಕ್ಕೇ ಬಿಟ್ಟಿದ್ದರೆ, ಭೂಮಿ ಅಲುಗಿದ ಹೊತ್ತಿಗೆ ರಿಂಗು ಬಿಚ್ಚಿಕೊಳ್ಳುತ್ತದೆ. ರಿಂಗುಗಳ ಅಂತರವನ್ನು ಟೇಪಿನಲ್ಲಿ ಅಳೆದು ನಕ್ಷೆಯ ಜೊತೆ ತಾಳೆ ನೋಡಿ, ಅಂದಾಜು ಬೇಡ.

ಇನ್ನು ಕೆಳಗಿಳಿದು, ಸೆಂಟ್ರಿಂಗ್ ಹಲಗೆಯನ್ನು ಹೊತ್ತು ನಿಂತ ಊರುಗಂಬ. ನೀಲಗಿರಿ ಗಳವೋ ಕಬ್ಬಿಣದ ಜಾಕೋ, ಹೊಸದಾಗಿ ತುಂಬಿದ ಮಣ್ಣಿನ ಮೇಲೆ ಇಟ್ಟಿಗೆ ಚೂರಿಟ್ಟು ನಿಲ್ಲಿಸಿದ್ದರೆ ಅಗಲದ ಹಲಗೆ ಹಾಕಿಸಿ. ಎಲ್ಲ ಸರಿ ಕಂಡಮೇಲೆ ನಾಲ್ಕು ಫೋಟೋ ತೆಗೆದಿಟ್ಟುಕೊಳ್ಳಿ, ಮುಂದೆ ಡ್ರಿಲ್ ಮಾಡುವಾಗ ಪೈಪು ಎಲ್ಲಿದೆ ಅಂತ ಹುಡುಕುವುದಾದರೂ ತಪ್ಪುತ್ತದೆ.

ಮೇಸ್ತ್ರಿ ಗೊಣಗುತ್ತಾನೆ. "ಸಾರ್, ಬಿಸಿಲೇರ್ತಾ ಇದೆ, ಮಿಕ್ಸರ್ ಬಾಡಿಗೆ ಓಡ್ತಾ ಇದೆ" ಅನ್ನುತ್ತಾನೆ. ಅದು ನಿಜವೂ ಹೌದು. ಹಾಗಾಗಿ ಹಿಂದಿನ ಸಂಜೆಯೇ ಒಂದು ಸಲ ನೋಡಿ ತಪ್ಪುಗಳನ್ನು ಹೇಳಿ, ಬೆಳಿಗ್ಗೆ ಸರಿಯಾಯಿತೇ ಅಂತ ಮತ್ತೆ ನೋಡಿ. ಆಗ ಅವನಿಗೂ ಕಿರಿಕಿರಿ ಇಲ್ಲ.

ನನ್ನ ಬಾಲ್ಕನಿ ಏನಾಯಿತು ಅಂದರೆ, ಪೂರ್ತಿ ಒಡೆಸಬೇಕಾಯಿತು. ಹೊಸ ಕಂಬಿಗೆ ಹಿಡಿತ ಬೇಕಲ್ಲ, ಒಳಕೋಣೆಯ ತಾರಸಿಯನ್ನೂ ಐದಡಿ ಕೀಳಿಸಿದೆವು. ಹೊಸದಾಗಿ ಹಾಕಿದ ದಿನ ಪೂಜೆ, ತಿಂಡಿ ಎಲ್ಲ ಮನೆಯವಳೇ ನೋಡಿಕೊಂಡಳು. ನಾನು ಮೇಲೆ ಹಲಗೆಯ ಮೇಲೆ ನಿಂತೇ ಇದ್ದೆ. ಕೊನೆಯ ಬಾಂಡ್ಲಿ ಬಿದ್ದ ಮೇಲೆ, ನಾಲ್ಕು ಗಂಟೆಗೆ ಇಳಿದು ಬಂದರೆ ಉಪ್ಪಿಟ್ಟು ತಣ್ಣಗಾಗಿ ಕಲ್ಲಿನ ಹಾಗಾಗಿತ್ತು. ಅದನ್ನೇ ತಿಂದೆ.

ನಮಸ್ಕಾರ.